ಅದುರೋದು ಇಂಜಿನ್ನೋ, ಚಕ್ರನೋ? ಹಳೆ–ಹೊಸ ಕ್ರೂಸರ್‌ಗಳಲ್ಲಿ ದೋಷ ಹುಡುಕುವ ಬಗೆ

ಆಷಾಢದ ಒಂದು ಭಾನುವಾರ ಬೆಳಿಗ್ಗೆ ನನ್ನ ಭಾಮೈದ ಬಂದವನೇ ಕೀ ತೆಗೆದು ಮೇಜಿನ ಮೇಲೆ ಎಸೆದ. "ಭಾವ, ಎಂಬತ್ತು ದಾಟಿದ್ರೆ ಹ್ಯಾಂಡಲ್ ಅದುರ್ತೈತಿ. ಹೊಸ ಗಾಡಿ ಅಂತ ಇಷ್ಟು ದುಡ್ಡು ಹಾಕಿ ಏನು ಬಂತು?" ಅವನದು ಬ್ಯಾಲೆನ್ಸರ್, ಅಂದರೆ ಇಂಜಿನ್ನಿನ ಅದುರು ತಗ್ಗಿಸುವ ತೂಕ ಇರುವ ಹೊಸ 350 ಸಿ.ಸಿ. ಕ್ರೂಸರ್. ನನ್ನದು ಎರಕದ ಕಬ್ಬಿಣದ ಇಂಜಿನ್ ಇರುವ ಹಳೆ ಬುಲೆಟ್. ಅದನ್ನು ಕ್ರೂಸರ್ ಅನ್ನಬಾರದು ಅಂತ ಜಗಳಕ್ಕೆ ಬರುವವರಿದ್ದಾರೆ. ನಾನಂತೂ ಅದನ್ನು ಎತ್ತರದ ಹ್ಯಾಂಡಲ್ ಹಾಕಿ, ಅರವತ್ತರಲ್ಲಿ, ಅವಸರವಿಲ್ಲದೆ ಓಡಿಸುವವನು. ಅಷ್ಟು ಸಾಕಲ್ವಾ.

ಬೆಣ್ಣೆ ದೋಸೆ ತಿಂದು ದಾವಣಗೆರೆಯಿಂದ ಹೊರಟೆವು. ಹೆದ್ದಾರಿ 48 ಹಿಡಿದು ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ತನಕ ಹೋದೆವು. ಅಲ್ಲಿ ಟೀ ಕುಡಿದು ಗಾಡಿ ಬದಲಿಸಿಕೊಂಡು ವಾಪಸ್ ಬಂದೆವು. ಮನೆ ಮುಟ್ಟಿದಾಗ ಅವನು ಕೈ ಉಜ್ಜಿಕೊಳ್ಳುತ್ತಾ, "ನಿಂದು ಪೂರಾ ಕೆಟ್ಟೈತಿ ಭಾವ, ಕೈ ಜುಂ ಅಂತೈತಿ" ಅಂದ. ನನಗೆ ಅವನ ಗಾಡಿಯಲ್ಲಿ ಜುಂ ಅನ್ನುವುದು ಸಿಗಲೇ ಇಲ್ಲ. ಆದರೆ ಹ್ಯಾಂಡಲ್ ಒಳಗೆ ಯಾರೋ ನಿಧಾನವಾಗಿ ಆಚೆ ಈಚೆ ದೂಡುತ್ತಿರುವ ಹಾಗಿತ್ತು.

ಸಂಜೆ ಎರಡನ್ನೂ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿದಾಗ ಗೊತ್ತಾಗಿದ್ದು: ಎರಡರಲ್ಲೂ ದೋಷ ಇತ್ತು. ಅವನು ತನ್ನ ದೋಷವನ್ನು ಇಂಜಿನ್ ಮೇಲೆ ಹೊರಿಸಿ ಎರಡು ಗ್ಯಾರೇಜ್ ಸುತ್ತಿದ್ದ. ನನ್ನದು "ಬುಲೆಟ್ ಅಂದ್ಮೇಲೆ ಅದುರುತ್ತೆ ಬಿಡು" ಅನ್ನುವ ಮಾತಿನ ಹಿಂದೆ ತಿಂಗಳುಗಟ್ಟಲೆ ಅಡಗಿತ್ತು. ಅಂದರೆ ಬೈಕು ಅದುರುತ್ತದೆ ಅನ್ನುವುದು ದೂರೇ ಅಲ್ಲ. ಮೊದಲು ಇಲ್ಲದ ಹಾಗೆ ಅದುರುತ್ತಿದೆಯಾ, ಯಾವುದರ ಜೊತೆ ಅದುರುತ್ತಿದೆ, ಇವೆರಡೇ ಕೇಳಬೇಕಾದ್ದು.

ಗಾಡಿಯ ಹುಟ್ಟುಗುಣ

ಒಂದೇ ಸಿಲಿಂಡರಿನ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು, ಮತ್ತೆ ಓಡುತ್ತದೆ. ಆ ನಿಲ್ಲುವ–ಓಡುವ ಹೊಡೆತವೇ ನಡುಕ. ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕಿಗೆ ಎದುರು ತೂಕ ಇಟ್ಟರೆ ಅದರಲ್ಲಿ ಸ್ವಲ್ಪ ಕಳೆಯುತ್ತದೆ, ಪೂರ್ತಿ ಅಲ್ಲ. ತೂಕ ಜಾಸ್ತಿ ಮಾಡಿದರೆ ಮೇಲೆ–ಕೆಳಗಿನ ಅದುರು ಕಡಿಮೆಯಾಗಿ ಹಿಂದೆ–ಮುಂದಿನ ಅದುರು ಶುರುವಾಗುತ್ತದೆ. ಹಳೆ ಬುಲೆಟ್‌ನ ಇಂಜಿನ್ 346 ಸಿ.ಸಿ.; ಬೋರ್ (ಸಿಲಿಂಡರಿನ ಒಳ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಆಮೇಲೆ ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ಆಗಿ ಬಂದ ಯುಸಿಇ ಇಂಜಿನ್ನಿಗೂ ಅದೇ ಅಳತೆ. 2009ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮತ್ತು ಆ ಕಾಲದ ಥಂಡರ್‌ಬರ್ಡ್‌ಗಳಲ್ಲಿ ಇರುವುದು ಇದೇ. ಎರಡರಲ್ಲೂ ಬ್ಯಾಲೆನ್ಸರ್ ಶಾಫ್ಟ್ ಇಲ್ಲ.

2020ರಲ್ಲಿ ಬಂದ ಅದೇ ಕಂಪನಿಯ ಮೀಟಿಯರ್ 350ರದು 72 ಮಿ.ಮೀ. ಬೋರ್, 85.8 ಮಿ.ಮೀ. ಸ್ಟ್ರೋಕ್, 349 ಸಿ.ಸಿ. ಇದರಲ್ಲಿ ಬ್ಯಾಲೆನ್ಸರ್ ಇದೆ. 2021ರಿಂದ ಕ್ಲಾಸಿಕ್‌ಗೂ 2023ರಿಂದ ಬುಲೆಟ್‌ಗೂ ಇದೇ ಇಂಜಿನ್ ಬಂತು. 2020ರಲ್ಲೇ ಬಂದ ಹೋಂಡಾ ಹೈನೆಸ್‌ನಲ್ಲೂ ಬ್ಯಾಲೆನ್ಸರ್ ಇದೆ. ಇದು ಕ್ರ್ಯಾಂಕಿನಷ್ಟೇ ವೇಗದಲ್ಲಿ, ಆದರೆ ಉಲ್ಟಾ ತಿರುಗುವ ಒಂದು ತೂಕ. ದೊಡ್ಡ ಹೊಡೆತವನ್ನು ಇದು ತಿಂದು ಹಾಕುತ್ತದೆ. ಕ್ರ್ಯಾಂಕಿನ ಎರಡರಷ್ಟು ವೇಗದ ಸಣ್ಣ ಜುಂ ಮಾತ್ರ ಉಳಿಯುತ್ತದೆ.

ಇನ್ನೊಂದು ಲೆಕ್ಕ. ಇಂಜಿನ್ ವೇಗ ಏರಿದಂತೆ ಈ ಹೊಡೆತ ಅದರ ವರ್ಗದಷ್ಟು ಏರುತ್ತದೆ. 3000 ಆರ್‌ಪಿಎಂನಿಂದ (ನಿಮಿಷಕ್ಕೆ ಇಷ್ಟು ಸುತ್ತು) 4000ಕ್ಕೆ ಹೋದರೆ ವೇಗ ಜಾಸ್ತಿಯಾಗಿದ್ದು ಮೂರನೇ ಒಂದು ಪಾಲು, ಹೊಡೆತ ಮಾತ್ರ ಹತ್ತಿರ ಹತ್ತಿರ ಒಂದೂ ಮುಕ್ಕಾಲು ಪಟ್ಟು. ಹಳೆ ಬುಲೆಟ್ ಐವತ್ತರಲ್ಲಿ ದೇವರಂತೆ ಇದ್ದು ಎಂಬತ್ತೈದರಲ್ಲಿ ಮೈಮೇಲೆ ಬಂದವರಂತೆ ಆಡುವುದು ಇದಕ್ಕೇ. ಅದನ್ನು ರಿಪೇರಿ ಮಾಡಲು ಹೋಗಬೇಡಿ, ಅದು ರಿಪೇರಿ ಆಗುವ ವಿಷಯವಲ್ಲ.

ಹಳೆ ಬೈಕಿನವರು ಅದಕ್ಕೇ ಒಂದು ಕೆಲಸ ಮಾಡಬೇಕು. ಗಾಡಿ ಚೆನ್ನಾಗಿರುವಾಗಲೇ ಯಾವ ವೇಗಕ್ಕೆ ಕನ್ನಡಿ ಮಸುಕಾಗುತ್ತದೆ, ಯಾವ ವೇಗಕ್ಕೆ ಫುಟ್‌ರೆಸ್ಟ್ ಜುಂ ಅನ್ನುತ್ತದೆ ಅಂತ ಬರೆದಿಡಿ. ನನ್ನದರಲ್ಲಿ ಕನ್ನಡಿ ಎಪ್ಪತ್ತಕ್ಕೆ ಮಸುಕಾಗುತ್ತದೆ. ಅದು ಅರವತ್ತಕ್ಕೇ ಆಗತೊಡಗಿತ್ತು ಅನ್ನುವುದು ನನಗೆ ಹೊಳೆದಿದ್ದು ಭಾಮೈದ ಬೈದ ಮೇಲೆ.

ರಸ್ತೆಯಲ್ಲಿ ಮಾಡುವ ಪರೀಕ್ಷೆ

ಸ್ಪ್ಯಾನರ್ ಹಿಡಿಯುವ ಮೊದಲು ರಸ್ತೆಗೆ ಹೋಗಿ. ಖಾಲಿ ಇರುವ, ನೇರ ರಸ್ತೆ ಬೇಕು. ಟೈರ್ ತಣ್ಣಗಿರುವಾಗ ಗಾಳಿ ಸರಿ ಮಾಡಿಕೊಂಡು ಹೊರಡಿ. ಬ್ಯಾಗು, ಹಿಂದಿನ ಸವಾರ ಬೇಡ.

ಮೊದಲನೆಯದು ಗೇರ್ ಪರೀಕ್ಷೆ. ನಡುಕ ಬರುವ ವೇಗ 65 ಅಂತಿಟ್ಟುಕೊಳ್ಳಿ. ಅದೇ 65ರಲ್ಲಿ ಒಮ್ಮೆ ಟಾಪ್ ಗೇರಿನಲ್ಲಿ ಓಡಿಸಿ, ಒಮ್ಮೆ ಒಂದು ಗೇರ್ ಇಳಿಸಿ ಓಡಿಸಿ. ಚಕ್ರದ ವೇಗ ಎರಡು ಸಲವೂ ಒಂದೇ, ಇಂಜಿನ್ ವೇಗ ಮಾತ್ರ ಬೇರೆ. ಗೇರ್ ಇಳಿಸಿದಾಗ ನಡುಕ ಬದಲಾದರೆ ಇಂಜಿನ್ ಕಡೆ ನೋಡಿ. ಒಂಚೂರೂ ಬದಲಾಗದಿದ್ದರೆ ಚಕ್ರ, ಟೈರ್, ಬೇರಿಂಗ್ ಕಡೆ ನೋಡಿ. ಮೀಟಿಯರ್, ಕ್ಲಾಸಿಕ್‌ಗಳಲ್ಲಿ ಆರ್‌ಪಿಎಂ ಮೀಟರೇ ಇಲ್ಲ, ಆದರೂ ಈ ಪರೀಕ್ಷೆಗೆ ಅದು ಬೇಕಿಲ್ಲ. ಭಾಮೈದನ ಗಾಡಿಯ ವಿಷಯ ಮುಗಿದಿದ್ದು ಇಲ್ಲೇ: 80ರಲ್ಲಿ ನಾಲ್ಕನೇ ಗೇರ್, ಐದನೇ ಗೇರ್, ಎರಡರಲ್ಲೂ ಅದೇ ತೂಗಾಟ. ಇಂಜಿನ್ ಪಾಪ ಏನೂ ಮಾಡಿರಲಿಲ್ಲ.

ಎರಡನೆಯದು ಕ್ಲಚ್ ಪರೀಕ್ಷೆ. ಅದೇ ವೇಗದಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ಕೀ ಆಫ್ ಮಾಡಬೇಡಿ. ನಡುಕ ತಕ್ಷಣ ಹೋದರೆ ಇಂಜಿನ್ ಅಥವಾ ಚೈನ್. ವೇಗ ಇಳಿದಂತೆ ನಿಧಾನವಾಗಿ ಇಳಿದರೆ ಚಕ್ರ. ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ರೇಸ್ ಮಾಡಿ. ಇಲ್ಲೂ ಅದೇ ಜುಂ ಸಿಕ್ಕರೆ ಇಂಜಿನ್ ಅಥವಾ ಅದನ್ನು ಹಿಡಿದ ಬೋಲ್ಟುಗಳು. ಇಲ್ಲಿ ಸಿಗದೆ, ಓಡಿಸುವಾಗ ಎಳೆತದಲ್ಲಿ ಮಾತ್ರ ಸಿಕ್ಕರೆ ಚೈನ್ ಮೇಲೆ ಅನುಮಾನ ಇರಲಿ.

ಕೈಗೆ ಗೊತ್ತಾಗುವ ಇನ್ನೊಂದು ವ್ಯತ್ಯಾಸವೂ ಇದೆ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು. ಅದು ಎಣಿಸಲಾಗದ ಜುಂ. 80 ಕಿ.ಮೀ. ವೇಗದಲ್ಲಿ 19 ಇಂಚಿನ ಮುಂದಿನ ಚಕ್ರ ಸೆಕೆಂಡಿಗೆ ತಿರುಗುವುದು ಸುಮಾರು 10–11 ಸುತ್ತು. ಅದು ತಕತಕ ಅನ್ನುವ ಅಲುಗಾಟ. ಬೆರಳು ಮರಗಟ್ಟಿದರೆ ಇಂಜಿನ್, ಮೊಣಕೈ ಅಲ್ಲಾಡಿದರೆ ಚಕ್ರ ಅಂತ ನಮ್ಮ ಮೆಕ್ಯಾನಿಕ್ ಅಣ್ಣ ಹೇಳುವುದು. ನೂರಕ್ಕೆ ನೂರು ಅಲ್ಲದಿದ್ದರೂ ಹತ್ತಿರದ ಮಾತು.

ಇಂಜಿನ್ ಜೊತೆ ಬರುವ ನಡುಕ

ಮೊದಲು ನೋಡಬೇಕಾದ್ದು ಇಂಜಿನ್ನನ್ನು ಚಾಸಿಗೆ ಹಿಡಿದ ಬೋಲ್ಟುಗಳು. ಗ್ಯಾರೇಜ್ ಭಾಷೆಯಲ್ಲಿ ಫೌಂಡೇಶನ್ ಬೋಲ್ಟ್. ಹಳೆ ಬುಲೆಟ್‌ನಲ್ಲಿ ಇವುಗಳ ಜೊತೆಗೆ ಸಿಲಿಂಡರ್ ಹೆಡ್ಡಿನಿಂದ ಚಾಸಿಗೆ ಹೋಗುವ ಒಂದು ಪಟ್ಟಿಯೂ ಇದೆ. ಟ್ಯಾಂಕ್ ಕೆಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಹೆಡ್ ಬಿಚ್ಚಿದವರು ತಿರುಗಿ ಹಾಕುವಾಗ ಮರೆಯುವುದೂ ಉಂಟು. ಅದು ಸಡಿಲವಾದರೆ ಟ್ಯಾಂಕಿನ ಹತ್ತಿರ ಮೊಣಕಾಲಿಗೆ ನಡುಕ ಬರುತ್ತದೆ.

ಬೋಲ್ಟ್ ಸಡಿಲವಾಗಿದೆಯಾ ಅಂತ ತಿಳಿಯಲು ಮೊದಲೇ ಸ್ಪ್ಯಾನರ್ ಹಾಕಬೇಡಿ, ಟಾರ್ಚ್ ಹಾಕಿ ನೋಡಿ. ವಾಷರ್ ಸುತ್ತ ಇಟ್ಟಿಗೆ ಬಣ್ಣದ ಸಣ್ಣ ಪುಡಿ ಇದ್ದರೆ, ಅಥವಾ ಬಣ್ಣ ಹೋಗಿ ಲೋಹ ಹೊಳೆಯುತ್ತಿದ್ದರೆ, ಅಲ್ಲಿ ಎರಡು ಕಬ್ಬಿಣ ಒಂದನ್ನೊಂದು ಉಜ್ಜುತ್ತಿವೆ ಅಂತ ಅರ್ಥ. ನನ್ನ ಗಾಡಿಯ ಮುಂದಿನ ಬೋಲ್ಟಿನಲ್ಲಿ ಸಿಕ್ಕಿದ್ದು ಇದೇ ಪುಡಿ. ತಪ್ಪು ನನ್ನದು. ಲೆಗ್ ಗಾರ್ಡ್ ನಾನೇ ಮನೆಯಲ್ಲಿ ಹಾಕಿದ್ದೆ. ಅದರ ಪಟ್ಟಿ ಇಂಜಿನ್ನಿನ ಬೋಲ್ಟಿಗೇ ಕೂರುವಂಥದ್ದು. ಪಟ್ಟಿ ಸೇರಿದ ಮೇಲೆ ಬೋಲ್ಟಿನ ಉದ್ದ ಸಾಲದೆ ನಟ್ ಅರ್ಧವೇ ಹಿಡಿದಿತ್ತು. ಸರಿಯಾದ ಉದ್ದದ ಬೋಲ್ಟ್ ಹಾಕಿ, ಇಂಜಿನ್ ತಣ್ಣಗಿರುವಾಗ ಬಿಗಿ ಮಾಡಿದೆ. ಕನ್ನಡಿ ಮತ್ತೆ ಎಪ್ಪತ್ತಕ್ಕೆ ಹೋಯಿತು.

ಈ ಪರೀಕ್ಷೆ ಹೊಸ ಬೈಕಿಗೂ ಬೇಕು, ಅಲ್ಲಿ ಇನ್ನೂ ಸುಲಭ. ಬ್ಯಾಲೆನ್ಸರ್ ಇರುವ ಇಂಜಿನ್ನಿನಲ್ಲಿ ಹೊಸದಾಗಿ ಜುಂ ಶುರುವಾದರೆ ಅದು ದೊಡ್ಡ ಸುದ್ದಿ, ಕಾಯಬೇಡಿ. ಇಂಜಿನ್ ಒಳಗಿನ ಕೆಲಸ ಮಾಡಿಸಿದ ಮೇಲೆ ಶುರುವಾಗಿದ್ದರೆ ಬ್ಯಾಲೆನ್ಸರ್ ಗೇರಿನ ಗುರುತು ಸರಿಯಾಗಿ ಕೂಡಿಸಿದ್ದಾರಾ ಅಂತ ಕೇಳಿ. ಒಂದು ಹಲ್ಲು ಆಚೀಚೆ ಆದರೂ ಹೊಡೆತ ತಿನ್ನಬೇಕಾದ ತೂಕವೇ ಹೊಡೆಯಲು ಶುರು ಮಾಡುತ್ತದೆ. ಇದು ಮನೆಯಲ್ಲಿ ಬಿಚ್ಚುವ ಕೆಲಸವಲ್ಲ.

ಎರಕದ ಇಂಜಿನ್ನಿನವರು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು ನೋಡಬೇಕು. ಕಿಡಿ ಹಾರಿಸುವ ಪಾಯಿಂಟ್‌ನ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಟೈಮಿಂಗ್ ಮುಂದಾಗಿದ್ದರೆ ಕಿಕ್ ತಿರುಗಿ ಒದೆಯುತ್ತದೆ, ಓಡುವಾಗ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒರಟಾಗಿರುತ್ತದೆ. ಕಿಕ್ ಒದೆಯುವುದು, ಒರಟಾಗಿ ಓಡುವುದು ಎರಡೂ ಒಟ್ಟಿಗೆ ಇದ್ದರೆ ಬೇರೆ ಎಲ್ಲಾ ಬಿಟ್ಟು ಇದನ್ನೇ ನೋಡಿ. ಎಡಗಡೆ ಕವರ್ ಒಳಗೆ ಕಟಕಟ ಸದ್ದಿದ್ದರೆ ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್ ಸಡಿಲ. ಯುಸಿಇ ಇಂಜಿನ್ನಿನಲ್ಲಿ ವಾಲ್ವ್ ಎತ್ತುವ ಟ್ಯಾಪೆಟ್ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಲ್ಲಿ ತಾನೇ ಹೊಂದಿಕೊಳ್ಳುತ್ತದೆ. "ಟ್ಯಾಪೆಟ್ ಟೈಟ್ ಮಾಡ್ತೀನಿ, ಅದುರೋದು ಹೋಗುತ್ತೆ" ಅಂತ ಯಾರಾದರೂ ಅಂದರೆ ಗಾಡಿ ಎತ್ತಿಕೊಂಡು ಬನ್ನಿ. ಟೈಟ್ ಮಾಡಲು ಅಲ್ಲಿ ಏನೂ ಇಲ್ಲ.

ಇನ್ನು ನಡುಕ ಹುಟ್ಟಿಸದೆ ಅದನ್ನು ಹೆಚ್ಚು ಮಾಡಿ ತೋರಿಸುವ ಸಾಮಾನುಗಳು. ಹ್ಯಾಂಡಲ್ ತುದಿಯ ತೂಕ ತೆಗೆದು ಬಾರ್ ಎಂಡ್ ಕನ್ನಡಿ ಹಾಕಿಸುವುದು, ಉದ್ದನೆ ತೆಳು ಹ್ಯಾಂಡಲ್, ಸವೆದ ಫುಟ್‌ರೆಸ್ಟ್ ರಬ್ಬರ್, ಕ್ಲಾಂಪ್ ಸಡಿಲವಾದ ಸೈಲೆನ್ಸರ್. ಜುಂ ಒಂದೇ ಜಾಗದಲ್ಲಿದ್ದರೆ ಮೊದಲು ಆ ಜಾಗದ ಸಾಮಾನು ನೋಡಿ.

ಚೈನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸುತ್ತಾ ನಾಲ್ಕೈದು ಕಡೆ ಸಡಿಲ ನೋಡಿ. ಎರಡೂವರೆ–ಮೂರು ಸೆಂ.ಮೀ. ಆಟ ಇರಬೇಕು, ನಿಮ್ಮ ಗಾಡಿಯ ಸರಿಯಾದ ಅಳತೆ ಪುಸ್ತಕದಲ್ಲಿದೆ. ಒಂದು ಕಡೆ ಬಿಗಿ, ಒಂದು ಕಡೆ ಜೋಲು ಇದ್ದರೆ ಚೈನ್ ಸ್ಪ್ರಾಕೆಟ್ ಸೆಟ್ ಮುಗಿದಿದೆ. ನಮ್ಮ ಕಡೆಯ ಹಳ್ಳಿ ರಸ್ತೆಯ ಧೂಳಿಗೆ ಚೈನ್ ಬೇಗ ಹಾಳಾಗುತ್ತದೆ. ಆಕ್ಸಿಲರೇಟರ್ ಕೊಟ್ಟಾಗ, ಬಿಟ್ಟಾಗ ಹಿಂದಿನಿಂದ ಟಕ್ ಅಂತ ಜಗ್ಗಿದರೆ ಹಿಂದಿನ ಚಕ್ರದ ಡ್ರಮ್ ರಬ್ಬರ್ ಸವೆದಿದೆ. ಕಡಿಮೆ ಖರ್ಚಿನ ಸಾಮಾನು, ಸುಮ್ನೆ ಬದಲಿಸಿಬಿಡಿ.

ಚಕ್ರದ ಜೊತೆ ಬರುವ ಅಲುಗಾಟ

ಭಾಮೈದನ ಗಾಡಿಗೆ ಬರೋಣ. ಹೆದ್ದಾರಿಯ ಒಂದು ಹೊಂಡಕ್ಕೆ ಬಿದ್ದು ಮುಂದಿನ ಟೈರ್ ಸೀಳಿತ್ತು, ಹೊಸದು ಹಾಕಿಸಿದ್ದ. ಅದುರು ಶುರುವಾಗಿದ್ದು ಆಮೇಲೆ. ಈ ಮಾತು ಅವನ ಬಾಯಿಂದ ಬರಲು ಅರ್ಧ ಗಂಟೆ ಬೇಕಾಯಿತು. ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಏನು ಮಾಡಿಸಿದಿರಿ ಅಂತ ಕೇಳಿದರೆ ಅರ್ಧ ದೋಷ ಅಲ್ಲೇ ಸಿಗುತ್ತದೆ. ಎರಡು ಗ್ಯಾರೇಜಿನಲ್ಲೂ ಯಾರೂ ಕೇಳಿರಲಿಲ್ಲ, ಇವನೂ ಹೇಳಿರಲಿಲ್ಲ.

ಮುಂದಿನ ಚಕ್ರ ನೆಲ ಬಿಟ್ಟು ಏಳುವಂತೆ ಇಂಜಿನ್ ಕೆಳಗೆ ಮರದ ತುಂಡು ಕೊಟ್ಟೆವು. ಫೋರ್ಕಿಗೆ ಒಂದು ಪೆನ್ಸಿಲ್ ಕಟ್ಟಿ, ತುದಿ ರಿಮ್ಮಿನ ಹತ್ತಿರ ಇಟ್ಟು ಚಕ್ರ ತಿರುಗಿಸಿದೆವು. ರಿಮ್ ನೇರ ಇತ್ತು. ಪೆನ್ಸಿಲನ್ನು ಟೈರ್ ಹತ್ತಿರ ತಂದಾಗ ಒಂದು ಕಡೆ ಟೈರ್ ಒಳಕ್ಕೆ ತಗ್ಗಿ ಹೋಗುತ್ತಿತ್ತು. ಟೈರಿನ ಪಕ್ಕದಲ್ಲಿ, ರಿಮ್ಮಿನ ಅಂಚಿಗೆ ಸೇರಿದಂತೆ, ಸುತ್ತಲೂ ಒಂದು ಸಣ್ಣ ಗೆರೆ ಇರುತ್ತದೆ. ಅದು ರಿಮ್ಮಿನಿಂದ ಎಲ್ಲಾ ಕಡೆ ಒಂದೇ ದೂರ ಇರಬೇಕು. ಇಲ್ಲಿ ಒಂದು ಗೇಣು ಜಾಗದಲ್ಲಿ ಗೆರೆ ರಿಮ್ಮಿನ ಒಳಗೇ ಹೋಗಿತ್ತು. ಟೈರ್ ಪೂರ್ತಿ ಕೂತಿರಲಿಲ್ಲ. ಟೈರ್ ಅಂಗಡಿಯವರು ಗಾಳಿ ಬಿಟ್ಟು, ಅಂಚಿಗೆ ಸೋಪು ನೀರು ಹಚ್ಚಿ, ಮತ್ತೆ ಗಾಳಿ ಹೊಡೆದು ಕೂರಿಸಿದರು. ಹತ್ತು ನಿಮಿಷ. ಇದಕ್ಕಾಗಿ ಅವನು ಹಿಂದೆ ಒಂದು ಕಡೆ ಸ್ಪಾರ್ಕ್ ಪ್ಲಗ್ ಬದಲಿಸಿಕೊಂಡಿದ್ದ.

ಹಳೆ ಬೈಕುಗಳಲ್ಲಿ ಕಡ್ಡಿ ಚಕ್ರ. ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಸ್ಪೋಕ್ ತಟ್ಟಿ. ಬಿಗಿ ಇದ್ದರೆ ಟಿಂಗ್, ಸಡಿಲ ಇದ್ದರೆ ಟಪ್. ಒಂದೆರಡು ಟಪ್ ಇದ್ದರೆ ಅವನ್ನಷ್ಟೇ ತಿರುವಿ ಬಿಡಬೇಡಿ, ರಿಮ್ ಎಳೆದುಕೊಳ್ಳುತ್ತದೆ. ಚಕ್ರ ನೇರ ಮಾಡುವವರ ಹತ್ತಿರ ಒಯ್ಯಿರಿ. ಅಲಾಯ್ ಚಕ್ರ ಸಡಿಲವಾಗುವುದಿಲ್ಲ, ಬದಲಿಗೆ ಹೊಂಡಕ್ಕೆ ಬಿದ್ದರೆ ಅಂಚು ಬಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಬಿರುಕು ಕಂಡರೆ ಆ ಚಕ್ರದ ಮೇಲೆ ಮನೆತನಕವೂ ಓಡಿಸಬೇಡಿ.

ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ. ಓಡಿಸದೆ ನಿಲ್ಲಿಸಿದ ಹಳೆ ಬೈಕುಗಳಲ್ಲಿ ಟೈರಿನ ಗೆರೆಗಳು ಆಳ ಇದ್ದರೂ ರಬ್ಬರ್ ಕಲ್ಲಾಗಿರುತ್ತದೆ.

ತಿರುಗುವಾಗ, ತೂಗುವಾಗ

ಹ್ಯಾಂಡ್ಲಿಂಗ್ ದೂರಿನಲ್ಲಿ ಮೊದಲ ಅಪರಾಧಿ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್. ಮುಂದಿನ ಚಕ್ರ ಎತ್ತಿ, ಫೋರ್ಕಿನ ಕೆಳ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಅಂದರೆ ಸಡಿಲ. ಆಮೇಲೆ ಒಂದು ಬೆರಳಿನಿಂದ ಹ್ಯಾಂಡಲ್ಲನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ನಡುವೆ ಸಣ್ಣ ಗುಳಿಗೆ ಬಿದ್ದ ಹಾಗೆ ನಿಂತರೆ ಬಾಲುಗಳು ಕಪ್ಪಿನಲ್ಲಿ ಗುಳಿ ಮಾಡಿವೆ, ಟೈಟ್ ಮಾಡಿದರೆ ಹೋಗುವುದಿಲ್ಲ, ಸೆಟ್ ಬದಲಿಸಬೇಕು. ಸಡಿಲ ಇದ್ದರೆ ಬ್ರೇಕ್ ಹಾಕಿದಾಗ ಟಕ್, ವೇಗ 60ರಿಂದ 40ಕ್ಕೆ ಇಳಿಯುವಾಗ ಹ್ಯಾಂಡಲ್ ತಲೆ ಅಲ್ಲಾಡಿಸುತ್ತದೆ. ಅತಿ ಬಿಗಿ ಇದ್ದರೆ ದಾವಣಗೆರೆಯ ಮಂಡಿಪೇಟೆ ಗದ್ದಲದಲ್ಲಿ ನಿಧಾನ ಹೋಗುವಾಗ ಗಾಡಿ ಕುಡಿದವರ ಹಾಗೆ ಆ ಕಡೆ ಈ ಕಡೆ ಹೋಗುತ್ತದೆ. ಎಷ್ಟೋ ಜನ ಮೊದಲ ದೋಷ ತೆಗೆಯಲು ಹೋಗಿ ಎರಡನೆಯದನ್ನು ಮಾಡಿಕೊಳ್ಳುತ್ತಾರೆ. ಇದನ್ನು ಪರೀಕ್ಷಿಸಲು ಎರಡೂ ಕೈ ಬಿಡುವ ಚಟ ಬೇಡ, ಹಿಡಿತ ಸ್ವಲ್ಪ ಸಡಿಲಿಸಿದರೆ ಸಾಕು, ಗೊತ್ತಾಗುತ್ತದೆ.

ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಆಟ ಇದ್ದರೆ ಚಕ್ರದ ಬೇರಿಂಗ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಬುಷ್. ಚಕ್ರ ಮಾತ್ರ ಅಲ್ಲಾಡಿದರೆ ಮೊದಲನೆಯದು, ಸ್ವಿಂಗ್ ಆರ್ಮ್ ಕೂಡ ಅಲ್ಲಾಡಿದರೆ ಎರಡನೆಯದು. ಹಳೆ ಬುಲೆಟ್‌ನಲ್ಲಿ ಬುಷ್ ಹೋದರೆ ಉದ್ದ ತಿರುವಿನಲ್ಲಿ ಗಾಡಿಯ ಹಿಂಭಾಗ ಬೇರೆಯೇ ದಾರಿ ಹಿಡಿದಂತೆ ಅನ್ನಿಸುತ್ತದೆ. ನಾನು ಇದನ್ನು ಮೊದಲು ಕಂಡಿದ್ದು ಸೂಳೆಕೆರೆ ಹತ್ತಿರದ ತಿರುವಿನಲ್ಲಿ. ಹಿಂದಿನ ಎರಡೂ ಶಾಕ್‌ನ ಗಡಸು ಬದಲಿಸುವ ಮೆಟ್ಟಿಲು ಒಂದೇ ಇದೆಯಾ ಅಂತಲೂ ನೋಡಿ. ಒಂದು ಎರಡರಲ್ಲಿ, ಇನ್ನೊಂದು ನಾಲ್ಕರಲ್ಲಿ ಇರುವ ಗಾಡಿಗಳು ನಮ್ಮೂರಲ್ಲಿ ಧಾರಾಳ.

ಗಾಳಿ ಎಲ್ಲಕ್ಕಿಂತ ಅಗ್ಗದ ದೋಷ. ಹಳೆ ಬುಲೆಟ್, ಹಳೆ ಕ್ಲಾಸಿಕ್‌ಗಳ ಮುಂದಿನ ಚಕ್ರಕ್ಕೆ ಹೇಳಿರುವುದು 20 ಪಿಎಸ್‌ಐ ಆಸುಪಾಸು. ಬಂಕಿನ ಹುಡುಗ ಎರಡಕ್ಕೂ 32 ಹೊಡೆದು ಕಳಿಸುತ್ತಾನೆ. ಮುಂದಿನ ಚಕ್ರ ಕಲ್ಲಿನಂತೆ ಪುಟಿಯುತ್ತದೆ, ದೂರು ಮಾತ್ರ ಫೋರ್ಕಿನ ಮೇಲೆ. ಹೊಸ ಟ್ಯೂಬ್‌ಲೆಸ್ ಗಾಡಿಗಳಿಗೆ ಹೇಳುವುದು ಇದಕ್ಕಿಂತ ಜಾಸ್ತಿ. ಬಂಕಿಗೆ ಹೋಗುವ ಮೊದಲು ನಿಮ್ಮ ಪುಸ್ತಕದ ಅಂಕಿ ನೋಡಿಕೊಳ್ಳಿ.

ಇನ್ನು ಕೆಲವು ದೂರು ದೋಷವೇ ಅಲ್ಲ. ಬಜಾಜ್ ಅವೆಂಜರ್ 220ರ ಎರಡು ಚಕ್ರಗಳ ನಡುವಿನ ದೂರ 1490 ಮಿ.ಮೀ., ಮೀಟಿಯರ್‌ನದು 1400, ಯುಸಿಇ ಥಂಡರ್‌ಬರ್ಡ್‌ನದು 1350. ದೂರ ಜಾಸ್ತಿಯಾಗಿ, ಫೋರ್ಕ್ ಮುಂದಕ್ಕೆ ಚಾಚಿದಷ್ಟೂ ಗಾಡಿ ನೇರ ಹೋಗಲು ಇಷ್ಟಪಡುತ್ತದೆ. ಸಣ್ಣ ಗಲ್ಲಿಯಲ್ಲಿ ಯು ಟರ್ನ್ ಮಾಡುವಾಗ ಹ್ಯಾಂಡಲ್ ತಾನಾಗಿ ಒಳಗೆ ಬೀಳುತ್ತದೆ. ಅದಕ್ಕೆ ಕೋನ್‌ಸೆಟ್ ಬಿಗಿ ಮಾಡಿಸಬೇಡಿ. ಮೀಟಿಯರ್‌ನ ಚಾಸಿನಲ್ಲಿ ಮುಂದೆ ಎರಡು ಪೈಪು ಇಳಿಯುತ್ತವೆ, ಹಳೆಯದರಲ್ಲಿ ಒಂದೇ. ಹೊಸದು ತಿರುವಿನಲ್ಲಿ ಗಟ್ಟಿ ನಿಲ್ಲಲು ಇದೂ ಒಂದು ಕಾರಣ. ಹಳೆಯದರಲ್ಲಿ ಅದೇ ವೇಗ ಹುಡುಕುವುದು ನಿಮ್ಮ ತಪ್ಪು, ಗಾಡಿಯದಲ್ಲ.

ಹೆದ್ದಾರಿಯಲ್ಲಿ ದಿನಾ ನೇರ ಓಡುವವರ ಹಿಂದಿನ ಟೈರ್ ನಡುವೆ ಚಪ್ಪಟೆಯಾಗುತ್ತದೆ. ವಾಲಿಸಲು ಹೋದರೆ ಮೊದಲು ಒಲ್ಲೆ ಅನ್ನುತ್ತದೆ, ಆಮೇಲೆ ಒಮ್ಮೆಲೇ ಬೀಳುತ್ತದೆ. ಇದಕ್ಕೆ ಟೈರ್ ಬದಲಿಸುವುದೇ ದಾರಿ.

ಆಷಾಢದಲ್ಲಿ ಹಿರಿಯೂರು–ಚಿತ್ರದುರ್ಗದ ನಡುವೆ ಓಡಿಸುವವರಿಗೆ ಒಂದು ಮಾತು. ಆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಲಾರಿ ದಾಟಿದ ತಕ್ಷಣ ಗಾಡಿ ಪಕ್ಕಕ್ಕೆ ಸರಿದು ಮತ್ತೆ ನೆಟ್ಟಗಾದರೆ ಅದು ಗಾಳಿ. ಹ್ಯಾಂಡಲ್ ಜೊತೆ ತಿರುಗುವ ವಿಂಡ್‌ಸ್ಕ್ರೀನ್ ಇದ್ದರೆ ಇನ್ನೂ ಜಾಸ್ತಿ. ಗಾಳಿ ಇಲ್ಲದ ಬೆಳಿಗ್ಗೆ ಅದೇ ಜಾಗದಲ್ಲಿ ಓಡಿಸಿ ನೋಡಿ. ರಿಪೇರಿಗೆ ಕೆತ್ತಿದ ರಸ್ತೆಯ ಉದ್ದ ಗೆರೆಗಳ ಮೇಲೆ ಮುಂದಿನ ಚಕ್ರ ಹಾವಿನಂತೆ ಆಡುವುದೂ ಹಾಗೆಯೇ. ಕೊಯ್ಲಿನ ಸಮಯದಲ್ಲಿ ರಸ್ತೆಗೆ ಹರಡಿದ ಮೆಕ್ಕೆಜೋಳದ ಮೇಲೆ ಜಾರಿದ್ದಕ್ಕೆ ಟೈರ್ ಬೈಯ್ಯುವವರನ್ನೂ ನೋಡಿದ್ದೇನೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆ, ಅದೇ ವೇಗ, ಅದೇ ಟೈರ್ ಗಾಳಿಯಲ್ಲಿ ಮತ್ತೆ ಓಡಿಸಿ. ನಾಲ್ಕು ಸಾಮಾನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮರುವಾರ ನಾವಿಬ್ಬರೂ ಮತ್ತೆ ಭರಮಸಾಗರಕ್ಕೆ ಹೋದೆವು. ಅವನ ಹ್ಯಾಂಡಲ್ 80ರಲ್ಲಿ ಅಲ್ಲಾಡಲಿಲ್ಲ. ನನ್ನ ಗಾಡಿ ಓಡಿಸಿ ಇಳಿದವನು ಮತ್ತೆ ಕೈ ಉಜ್ಜಿಕೊಂಡ. "ಸ್ವಲ್ಪ ವಾಸಿ ಭಾವ" ಅಂದ, ಅಷ್ಟೇ.